ಪಂಪಿಗೆ ಡಬಲ್ ಬೆಲ್

ಮಾಮಾ ತೀರಿಕೊಂಡ ಸುದ್ದಿ ಬಂದಾಗ ನಾನು ಹುಲ್ಲಿನ ನಡುವೆ ನಿಂತು ಒಬ್ಬನಿಗೆ ಬೈಯುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಆ ಪುಣ್ಯಾತ್ಮ, ಔಷಧಿ ಹೊಡೆಯುವ ಪಂಪಿನ ನಾಝಲ್ ಕಟ್ಟಿಕೊಂಡಿತೆಂದು ಅದನ್ನು ಬಿಚ್ಚಿ ಬಾಯಿಗಿಟ್ಟುಕೊಂಡು ಊದಲು ಹೊರಟಿದ್ದ. "ದೇವ್ರು ಬಾಯಿ ಉಣ್ಲಾಕ ಕೊಟ್ಟಾನೋ, ನಾಝಲ್ ಊದ್ಲಾಕ ಕೊಟ್ಟಾನೋ?" ಎಂದು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಆ ಮಾತು ನನ್ನದಲ್ಲ, ಮಾಮಾನದು. ದನಿ ಕೂಡ ಅವನದೇ. ಅಷ್ಟರಲ್ಲಿ ಫೋನು ಬಂತು. ಯೆಣೆಗೂರಿನಿಂದ ಅವನ ತಮ್ಮ ಮಾತಾಡಿದ. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಚಹಾ ಕೇಳಿದವನು ಚಹಾ ಬರುವ ಮೊದಲೇ ಹೋಗಿಬಿಟ್ಟಿದ್ದನಂತೆ. ಚಹಾಕ್ಕೆ ಕಾಯದೆ ಮಾಮಾ ಎಲ್ಲಿಗಾದರೂ ಹೋದದ್ದು ಅದೇ ಮೊದಲು.

ನಾನು ಇರುವುದು ಉಮರಗಾ ಊರ ಹೊರಗೆ ಹೈವೇ ಪಕ್ಕದ ಒಂದು ಲಾನಿನಲ್ಲಿ. ನಮ್ಮ ಕಡೆ ಲಾನ್ ಎಂದರೆ ಮದುವೆ ಮಾಡುವ ಜಾಗ. ಒಂದು ಬದಿಗೆ ವೇದಿಕೆ, ಇನ್ನೊಂದು ಬದಿಗೆ ಅಡುಗೆಮನೆ, ನಡುವೆ ಹಸಿರು ಹುಲ್ಲು. ಬೇಸಿಗೆಯಲ್ಲಿ ಊರಿಗೆ ಟ್ಯಾಂಕರ್ ನೀರು ಬಂದರೂ ಸರಿಯೇ, ಮದುಮಗಳು ಮಾತ್ರ ಹಸಿರಿನ ಮೇಲೆಯೇ ನಡೆದು ಬರಬೇಕು. ಇಲ್ಲದಿದ್ದರೆ ಫೋಟೊ ಚಂದ ಬರುವುದಿಲ್ಲವಂತೆ. ನಾನು ಅಲ್ಲಿಯ ಮ್ಯಾನೇಜರ್. ಅಂದರೆ ಮೇಲಿನವರಿಂದ ಬೈಸಿಕೊಂಡು ಕೆಳಗಿನವರಿಗೆ ಬೈಯುವುದು ನನ್ನ ಕೆಲಸ. ಮೇಲಿನವರೆಂದರೆ ನಿಲಂಗಾದ ಶೇಠಜಿ, ಅಲ್ಲಿಯ ಕಾಳಿನ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವರು. ಕೆಳಗಿನವರಲ್ಲಿ ಮಾಮಾ ಒಬ್ಬನಾಗಿದ್ದ, ಲೆಕ್ಕಕ್ಕೆ ಮಾತ್ರ. ಅವನಿಗೆ ಬೈಯುವ ಧೈರ್ಯ ನನಗೂ ಇರಲಿಲ್ಲ, ಶೇಠಜಿಗೂ ಇರಲಿಲ್ಲ.

ಎಲ್ಲರೂ ಮಾಮಾ ಎಂದೇ ಕರೆಯುತ್ತಿದ್ದ ಅವನು ಬಂದದ್ದು ಗೇಟು ಕಾಯಲು. ಸರಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾಗಿದ್ದ. ಜೀವಮಾನವೆಲ್ಲ ಉಮರಗಾ, ನಿಲಂಗಾ, ಉದಗೀರ ಎಂದು ಓಡಾಡಿದವನು. ಮೀಸೆ ದಪ್ಪ, ಹೊಟ್ಟೆ ಅದಕ್ಕಿಂತ ದಪ್ಪ, ದನಿ ಎರಡಕ್ಕಿಂತಲೂ ದಪ್ಪ. ತನ್ನ ಬಗ್ಗೆ ತನಗೆ ಅಪಾರ ಗೌರವ. ನಿಲಂಗಾದಿಂದ ಉದಗೀರದವರೆಗಿನ ಒಂದೊಂದು ತಗ್ಗೂ ತನ್ನ ಗುರುತು ಹಿಡಿಯುತ್ತದೆ ಎನ್ನುತ್ತಿದ್ದ. ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಒಳಗೆ ಬರುವ ಬೀಗರೇ ಅವನಿಗೆ ಕೈ ಮುಗಿದು ಬರುತ್ತಿದ್ದರು, ಅವನೇ ಮಾಲೀಕನೆಂದು ತಿಳಿದು. ಅವನೂ ತಿದ್ದುತ್ತಿರಲಿಲ್ಲ.

ಹೀಗಿರುವಾಗ ಶೇಠಜಿ ಲಾತೂರಿನ ಒಂದು ಕೃಷಿ ಪ್ರದರ್ಶನಕ್ಕೆ ಹೋಗಿ ಎರಡು ಯಂತ್ರ ಹೊತ್ತುಕೊಂಡು ಬಂದರು. ಒಂದು, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಪಂಪು. ಇನ್ನೊಂದು, ಗೊಬ್ಬರದ ಹರಳನ್ನು ಹುಲ್ಲಿನ ಮೇಲೆ ಚೆಲ್ಲುತ್ತ ಹೋಗುವ ಗಾಲಿಯ ಗಾಡಿ, ಅದಕ್ಕೂ ಮೋಟಾರು. ಹೊಟ್ಟೆಯಲ್ಲಿ ಗೊಬ್ಬರ ತುಂಬಿ, ಕೆಳಗಿನ ಬಾಗಿಲು ತೆಗೆದು ನಡೆಸಿದರೆ ಒಂದು ತಟ್ಟೆ ಗರಗರ ತಿರುಗಿ ನಾಲ್ಕೂ ಕಡೆ ತೂರುತ್ತದೆ. ಮಾಲಿ ಅದನ್ನು ನೋಡಿದವನೇ ಸೊಂಟ ನೋವೆಂದು ಊರಿಗೆ ಹೋದ, ತಿರುಗಿ ಬರಲಿಲ್ಲ. ಮಾಮಾ ಎದ್ದು ಬಂದು ಎರಡೂ ಇಂಜಿನ್ನು ಮೂಸಿ ನೋಡಿ, ಕುರ್ಚಿಯನ್ನು ಗೇಟಿನಿಂದ ತೆಗೆದು ಶೆಡ್ಡಿನ ಮುಂದೆ ಹಾಕಿಕೊಂಡ. ಹೀಗೆ ಯಾರೂ ಕೊಡದೆ ಅವನಿಗೆ ಬಡ್ತಿಯಾಯಿತು.

ಮರುದಿನ ನನ್ನನ್ನು ಕರೆದು ಕೈಯಲ್ಲಿ ಒಂದು ಸೀಟಿ ಇಟ್ಟ. ನಾನು ಇನ್ನು ಮೇಲೆ ಕಂಡಕ್ಟರ್ ಅಂತೆ. ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ಒಮ್ಮೆ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ಡಬಲ್ ಬೆಲ್ ಇಲ್ಲದೆ ತಾನು ಜನ್ಮದಲ್ಲಿ ಗಾಡಿ ಅಲುಗಿಸಿಲ್ಲ, ಈಗಲೂ ಅಲುಗಿಸುವುದಿಲ್ಲ ಎಂದ. ಮ್ಯಾನೇಜರನ ಕೆಲಸ ಬಿಟ್ಟು ಸೀಟಿ ಊದುತ್ತ ನಿಲ್ಲಲೇ ಎಂದು ನಾನು ಸಿಟ್ಟು ಮಾಡಿದೆ. ಅವನು ಶಾಂತವಾಗಿ ಹೇಳಿದ, "ಡ್ರೈವರಗ ಹಿಂದ ಕಣ್ಣಿರಂಗಿಲ್ಲಪ್ಪ. ಕಿವ್ಯಾಗ ಇಂಜಿನ್ ಕುಂತಿರ್ತದ. ಹಿಂದ ಯಾರ್ದರೆ ಕೂಸು ಬಂದ್ರ ನೀ ಹೇಳ್ತಿ, ಇಲ್ಲಾ ನಿಮ್ಮ ಶೇಠಜಿ ಹೇಳ್ತಾನ?"

ಹೀಗಾಗಿ ನಾನು ಸೀಟಿ ಕಟ್ಟಿದ ಕೀಲಿಗೊಂಚಲು ಹಿಡಿದು ಹುಲ್ಲಿನ ಅಂಚಿನಲ್ಲಿ ನಿಲ್ಲುವವನಾದೆ. ಮೊದಲು ಹುಲ್ಲಿನ ಮೇಲೆ ಒಂದು ನರಪಿಳ್ಳೆ ಇರಬಾರದು. ಅಡುಗೆಯವರ ಚಪ್ಪಲಿ, ಡೆಕೋರೇಶನ್ನಿನವರ ತಂತಿ, ಹಿಂದಿನ ಮದುವೆಯ ಕಲ್ಲುಸಕ್ಕರೆ, ಎಲ್ಲ ಆರಿಸಿ ತೆಗೆಯಬೇಕು. ಆಮೇಲೆ ಮಾಮಾ ಯಂತ್ರದ ಒಂದೊಂದು ನಟ್ಟು ಬೋಲ್ಟು ಮುಟ್ಟಿ ನೋಡಿ, ಪೈಪು ಎಲ್ಲಾದರೂ ಬಿರಿದಿದೆಯೇ ಎಂದು ಬೆರಳಾಡಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಇಂಜಿನ್ನಿಗೂ ಮೂರು ಬೆರಳು ಎಳೆಯುತ್ತಿದ್ದ. ಬೆರಳಲ್ಲಿ ಉಳಿದ ವಿಭೂತಿಯನ್ನು ಮೇಲಕ್ಕೆ ತೂರುತ್ತಿದ್ದ. ಅದು ಹಾರಿದ ಕಡೆ ನೋಡಿದರೆ ಗಾಳಿ ಯಾವ ದಿಕ್ಕಿಗಿದೆ ಎಂದು ತಿಳಿಯುತ್ತದೆ. ಗಾಳಿಗೆ ಬೆನ್ನು ಮಾಡಿಯೇ ಔಷಧಿ ಹೊಡೆಯಬೇಕು. ವಿಭೂತಿ ಜೋರಾಗಿ ಹಾರಿದರೆ ಅವತ್ತು ಕೆಲಸವೇ ಇಲ್ಲ; ಯಂತ್ರ ಒಳಗೆ, ಮಾಮಾ ಕುರ್ಚಿಯಲ್ಲಿ. ನಾಳೆಯೇ ಮದುವೆ ಇದೆ, ಸೊಳ್ಳೆ ಹಾರುತ್ತಿವೆ ಎಂದು ಶೇಠಜಿ ಫೋನಿನಲ್ಲಿ ಬಾಯಿ ಬಡಿದುಕೊಂಡರೂ, ಶಿವ ಬ್ಯಾಡ ಅಂದಾನ ಎನ್ನುವುದೊಂದೇ ಉತ್ತರ. ಶಿವನೊಡನೆ ವಾದ ಮಾಡಲು ಶೇಠಜಿ ಹೋಗಲಿಲ್ಲ.

ಇಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕುವಂತಿರಲಿಲ್ಲ. ಹಾಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ ಎಂಬುದು ನಿಜವೇ. ಆದರೆ ಇಂಜಿನ್ ತಣ್ಣಗಾಗಲು ಹಿಡಿಯುವ ಹೊತ್ತೂ ಮಾಮಾ ಚಹಾ ಕುಡಿಯಲು ಹಿಡಿಯುವ ಹೊತ್ತೂ ಪ್ರತಿ ಸಲವೂ ಒಂದೇ ಆಗುತ್ತಿತ್ತು. ನಿಯಮ ಮೊದಲು ಹುಟ್ಟಿತೋ, ಚಹಾ ಮೊದಲು ಹುಟ್ಟಿತೋ, ನನಗೆ ಈಗಲೂ ಅನುಮಾನವಿದೆ.

ಮಾಮಾ ತಪ್ಪೇ ಮಾಡದವನೆಂದು ಯಾರೂ ತಿಳಿಯಬೇಡಿ. ಮೊದಲ ಸಲ ಗೊಬ್ಬರದ ಗಾಡಿ ನಡೆಸುವಾಗ ಬೇಲಿಯಾಚೆ ಹಳೆಯ ಕಂಡಕ್ಟರನೊಬ್ಬ ಹಾಯುವುದು ಕಂಡಿತು. ಮಾಮಾ ಗಾಡಿ ನಿಲ್ಲಿಸಿದ. ಕೆಳಗಿನ ಬಾಗಿಲು ಮುಚ್ಚುವುದನ್ನು ಮರೆತ. ಇಬ್ಬರೂ ತಮ್ಮ ಕಾಲದ ಬಸ್ಸುಗಳ ಆರೋಗ್ಯ ವಿಚಾರಿಸಿಕೊಳ್ಳುವಷ್ಟು ಹೊತ್ತು ತಟ್ಟೆ ಒಂದೇ ಜಾಗದಲ್ಲಿ ಗೊಬ್ಬರ ತೂರುತ್ತಲೇ ಇತ್ತು. ನಾನು ಸೀಟಿ ಊದಿ ಊದಿ ಗಂಟಲು ಆರಿಸಿಕೊಂಡೆ. ಒಂದು ವಾರದೊಳಗೆ ವೇದಿಕೆಯ ಎದುರಿಗೇ, ಮದುಮಕ್ಕಳು ನಿಂತು ಫೋಟೊ ತೆಗೆಸಿಕೊಳ್ಳುವ ಜಾಗದಲ್ಲೇ, ಹುಲ್ಲು ಸುಟ್ಟು ಭಕ್ಕರಿ ತಟ್ಟಿಟ್ಟ ಹಾಗೆ ದುಂಡಗೆ ಕಂದಾಯಿತು. ಮಾಮಾ ಅದರ ಮೇಲೆ ಒಂದು ತುಳಸಿ ಕಟ್ಟೆ ತಂದು ಇಟ್ಟು, ಅದು ವಾಸ್ತುವೆಂದು ಶೇಠಜಿಗೆ ಹೇಳಿದ. ಅಲ್ಲಿಂದ ಮುಂದೆ ಹೊಸಬರು ಯಾರೇ ಬರಲಿ, "ಮೊದಲ ಬಾಗಿಲಾ ಮುಚ್ಚು, ಆಮ್ಯಾಲ ಗಾಡಿ ನಿಲ್ಸು, ಆಮ್ಯಾಲ ಹರಟಿ ಹೊಡಿ, ಒಬ್ಬ ಮಂಗ್ಯಾ ಉಲ್ಟಾ ಮಾಡಿ ಹುಲ್ಲು ಸುಟ್ಟಿದ್ದ" ಎಂದು ಪಾಠ ಹೇಳುತ್ತಿದ್ದ. ಆ ಮಂಗ್ಯಾ ಯಾರೆಂದು ಕೇಳಿದರೆ ನನ್ನ ಕಡೆ ನೋಡುತ್ತಿದ್ದ.

ಅವನ ವೇಷದ ಬಗ್ಗೆ ಹೇಳಲೇಬೇಕು. ಮೊಣಕಾಲಿನವರೆಗೆ ಗಂಬೂಟು, ತುಂಬುತೋಳಿನ ಅಂಗಿ, ಕೈಗೆ ರಬ್ಬರಿನ ಗವಸು, ಮೂಗು ಬಾಯಿಗೆ ಮಾಸ್ಕು, ಕಣ್ಣಿಗೆ ವೆಲ್ಡಿಂಗಿನವನ ಕನ್ನಡಕ. ನಮ್ಮ ಮೇ ತಿಂಗಳಿನಲ್ಲಿ ಇಷ್ಟನ್ನು ತೊಟ್ಟು ನಿಂತರೆ ಒಳಗಿರುವವನು ಬೇಯಬೇಕು; ಮಾಮಾ ಬೇಯುತ್ತಲೂ ಇದ್ದ, ಅದಕ್ಕಾಗಿ ಇಡೀ ಜಗತ್ತನ್ನು ಬೈಯುತ್ತಲೂ ಇದ್ದ, ಬಿಚ್ಚುತ್ತ ಮಾತ್ರ ಇರಲಿಲ್ಲ. ಇವೆಲ್ಲಕ್ಕಿಂತ ಮೊದಲು ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು. ಅವನ ಕೊರಳಲ್ಲಿ ಇಷ್ಟಲಿಂಗವಿಡುವ ಪುಟ್ಟ ಭರಣಿ, ಕರಡಿಗೆ. ಮೈಮೇಲಿಂದ ಲಿಂಗ ತೆಗೆದಿಡುವವನಲ್ಲ, ಹಾಗೆಂದು ಎದೆಯ ಮೇಲೆ ಬಿಟ್ಟರೆ ಔಷಧಿಯ ಹನಿ ಬೀಳುತ್ತದೆ. ಅದಕ್ಕೆ ಕರಡಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಬಿಗಿದು, ನೆತ್ತಿಯ ಮೇಲಿಟ್ಟು ರುಮಾಲು ಸುತ್ತಿ, ಮೇಲೆ ಮೋಟರ್‌ಸೈಕಲ್ಲಿನ ಹೆಲ್ಮೆಟ್ ಏರಿಸುತ್ತಿದ್ದ. ತಲೆ ಒಂದು ಕೊಡದಷ್ಟಾಗುತ್ತಿತ್ತು. ಅಡುಗೆಯವರ ನಾಯಿ ಅವನನ್ನು ದಿನವೂ ನೋಡಿ ದಿನವೂ ಬೊಗಳುತ್ತಿತ್ತು.

ಕೆಲಸ ಮುಗಿದ ಮೇಲೆ ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಆ ಬಟ್ಟೆ ಬೇರೆ ಬಕೆಟ್ಟಿಗೆ. ಸೋಪು ಹಚ್ಚಿ ಸ್ನಾನ ಮಾಡುವವರೆಗೆ ಚಹಾದ ಕಪ್ಪೂ ಇಲ್ಲ, ಬೀಡಿಯೂ ಇಲ್ಲ. ಇದಕ್ಕೆ ಪಂಪಿನ ಸೂತಕ ಎಂದು ಹೆಸರಿಟ್ಟಿದ್ದ. ಒಮ್ಮೆ ಶೇಠಜಿಯ ತಾಯಿ ಬಂದಾಗ ಇದನ್ನು ಕೇಳಿ, ನಾವು ಶರಣರು, ಹುಟ್ಟು, ಸಾವು, ಎಂಜಲು ಮೊದಲಾದ ಐದು ಸೂತಕವನ್ನೂ ಹಿರಿಯರು ಕಿತ್ತು ಬಿಸಾಕಿದ್ದಾರೆ, ನೀನು ಇದೆಲ್ಲಿಯದು ಹೊಸದು ತಂದೆ ಎಂದು ತರಾಟೆಗೆ ತೆಗೆದುಕೊಂಡರು. ಮಾಮಾ ಗಂಬೂಟಿನಲ್ಲೇ ನಿಂತು, ದೂರದಿಂದಲೇ ಶರಣು ಹೇಳಿ, ಹಿರಿಯರು ಐದನ್ನು ತೆಗೆದದ್ದು ಸರಿಯೇ, ಆದರೆ ಅವರ ಕಾಲದಲ್ಲಿ ಪಂಪು ಇರಲಿಲ್ಲವಲ್ಲ ಅವ್ವಾ ಎಂದ. ಮುದುಕಿ ಅವನ ಗಂಬೂಟು ನೋಡಿ, ಹಂಗಾರ ಮೊದಲ ಜಳಕಾ ಮಾಡು ಹೋಗು ಎಂದರು.

ಇಷ್ಟೆಲ್ಲ ನೋಡಿ ನಗುತ್ತಿದ್ದ ನನಗೆ ನಗು ಬತ್ತಿದ್ದು ನನ್ನ ಮಗಳ ಮದುವೆಯ ದಿನ.

ಮದುವೆ ನಮ್ಮದೇ ಲಾನಿನಲ್ಲಿ. ಶೇಠಜಿ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದರು. ಬೀಗರು ಉದಗೀರದವರು, ಬಟ್ಟೆ ವ್ಯಾಪಾರಿಗಳು, ಮನುಷ್ಯರು ಒಳ್ಳೆಯವರೇ. ಆದರೆ ಗಂಡಿನ ತಂದೆ ಎಂಬ ಪಟ್ಟ ಒಂದು ದಿನದ್ದಾದ್ದರಿಂದ ಆ ದಿನ ಅದನ್ನು ಪೂರ್ತಿ ಅನುಭವಿಸಿಯೇ ತೀರುವವರು. ಬಿಳಿ ಅಂಗಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಬೆಳ್ಳಿಯ ದೊಡ್ಡ ಕರಡಿಗೆ. ಮೆರವಣಿಗೆ ಗೇಟಿನ ಕಮಾನಿನವರೆಗೆ ಬಂತು, ಅಲ್ಲಿಯೇ ನಿಂತಿತು. ಯಾವುದೋ ದೊಡ್ಡ ಊರಿನ ಮದುವೆಯ ವಿಡಿಯೊದಲ್ಲಿ ಅತಿಥಿಗಳ ಮೇಲೆ ಮಶೀನಿನಿಂದ ಗುಲಾಬ್ ನೀರಿನ ಮಂಜು ಬೀಳುವುದನ್ನು ಬೀಗರು ನೋಡಿದ್ದರಂತೆ. ಉದಗೀರದಿಂದಲೇ ಕ್ಯಾನುಗಟ್ಟಲೆ ಗುಲಾಬ್ ನೀರು ತಂದಿದ್ದರು. ಲಾನಿನವರ ಹತ್ತಿರ ಪಂಪು ಇದೆ ಎಂದು ಅವರಿಗೆ ಯಾರೋ ಹೇಳಿದ್ದರು. ಅದರಲ್ಲಿ ತುಂಬಿ ತಮ್ಮ ಜನರ ಮೇಲೆ ಹೊಡೆಯಬೇಕು, ಅಲ್ಲಿಯವರೆಗೆ ಮದುಮಗ ಕುದುರೆಯಿಂದ ಇಳಿಯುವುದಿಲ್ಲ ಎಂದರು.

ಗುಲಾಬ್ ನೀರು ಚಿಮುಕಿಸುವುದು ನಮ್ಮಲ್ಲಿ ಇದ್ದದ್ದೇ. ಬೆಳ್ಳಿ ಗುಲಾಬದಾನಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇವೆ. ಆದರೆ ಆ ಪಂಪಿನಲ್ಲಿ ಅದೇ ವಾರ ಜೇಕು ಎಂಬ ಕಳೆ ಸಾಯುವ ವಿಷ ಹೊಡೆದಾಗಿತ್ತು. ಬೀಗರಿಗೆ ಹೇಳಿದೆ. ತೊಳೀರಿ, ಅದಕ್ಕೇನು ಎಂದರು. ಮುಹೂರ್ತ ಹತ್ತಿರ ಬರುತ್ತಿತ್ತು. ಬಿಸಿಲಿಗೆ ಕುದುರೆ ಕಾಲು ಬದಲಿಸುತ್ತಿತ್ತು. ವೇದಿಕೆಯ ಹಿಂದೆ ಹಸಿರು ಸೀರೆ ಉಟ್ಟು ಕೂತ ಮಗಳು, ಏನಾಗಿದೆ ಎಂದು ಯಾರೂ ಹೇಳದಿದ್ದರೂ, ಬ್ಯಾಂಡು ಒಂದೇ ಕಡೆ ನಿಂತದ್ದನ್ನು ಕೇಳಿಯೇ ತಿಳಿದುಕೊಂಡು ಅಳು ನುಂಗುತ್ತಿದ್ದಳು. ಮದುವೆ ಮುರಿಯುತ್ತದೆ ಎಂದೇ ನಾನು ತಿಳಿದೆ.

ಶೆಡ್ಡಿಗೆ ಓಡಿದೆ. ಮಾಮಾ ಮದುವೆಗೆಂದು ಹೊಸ ಧೋತರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿ ಕೂತಿದ್ದ. ಚೆನ್ನಾಗಿ ತೊಳೆದರೆ ನಡೆಯುವುದಿಲ್ಲವೇ ಎಂದು ಕೇಳಿದೆ.

"ತೊಳದು ಕೊಡ್ತೀನಿ. ನೀ ಅದರಾಗ ಚಹಾ ಕುಡಿತಿ?"

ನಾನು ವೇದಿಕೆಯ ಕಡೆ ತಿರುಗಿ ನೋಡಿದೆ.

"ಭಾಗ್ಯಾ ಅಳ್ಲತ್ತಾಳೇನು?" ಎಂದ. ಭಾಗ್ಯಾ ಎಂದರೆ ನನ್ನ ಮಗಳು. ಹೌದೆಂದೆ. ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಬಂದಾಗ ಪೂರ್ತಿ ವೇಷ. ಹೊಸ ಧೋತರದ ಮೇಲೆ ಗಂಬೂಟು, ಕನ್ನಡಕ, ಮಾಸ್ಕು, ಕೊಡದಂಥ ತಲೆ, ಬೆನ್ನಿಗೆ ಪಂಪು. ಕೈಯಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಚೀಲಗಳ ಕಟ್ಟು. ಹೀಗೆ ಧಪ್ ಧಪ್ ಎಂದು ಹುಲ್ಲು ದಾಟಿ ಗೇಟಿಗೆ ನಡೆದ. ಬ್ಯಾಂಡಿನವರು ಊದುವುದು ನಿಲ್ಲಿಸಿದರು. ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು. ಒಪ್ಪಿಕೊಂಡನಲ್ಲ ಎಂದು ನನಗೆ ಒಂದು ಕಡೆ ಜೀವ ಬಂತು, ಇನ್ನೊಂದು ಕಡೆ ಜೀವ ಹೋಯಿತು. ಬೀಗರ ಮುಖ ಅರಳಿತು.

ಮಾಮಾ ಮಾಸ್ಕು ಕೆಳಗೆಳೆದು, ಬಹಳ ವಿನಯದಿಂದ ಶರಣು ಹೇಳಿ, ಎಲ್ಲ ತಯಾರಿದೆ, ಒಂದೇ ಒಂದು ಕೆಲಸ ಬಾಕಿ ಎಂದ. ಚೀಲದ ಕಟ್ಟು ಮುಂದೆ ಹಿಡಿದ.

"ಮಂದಿಗೆಲ್ಲ ಒಂದೊಂದು ಹಂಚ್ರಿ. ಲಿಂಗಪ್ಪಗ ಇದರಾಗ ಕಟ್ಟಿ ತಲಿ ಮ್ಯಾಲ ಇಟ್ಕೋರಿ, ನಾ ಇಟ್ಕೊಂಡಂಗ. ಮೊದಲ ನಿಮ್ದು ಕಟ್ರಿ ಬೀಗರ."

ಬೀಗರಿಗೆ ತಿಳಿಯಲಿಲ್ಲ. ಯಾಕೆಂದು ಕೇಳಿದರು. ಪಂಪಿನಲ್ಲಿದ್ದದ್ದು ವಿಷ, ಎಷ್ಟು ತೊಳೆದರೂ ಪೈಪಿನ ಹೊಟ್ಟೆಯಲ್ಲಿ ಒಂದಿಷ್ಟು ಉಳಿಯುತ್ತದೆ, ಮಂಜಿನ ಹಾಗೆ ಎಲ್ಲರ ಎದೆಯ ಮೇಲೂ ಬೀಳುತ್ತದೆ ಎಂದು ಮಾಮಾ ವಿವರಿಸಿದ. ಆಮೇಲೆ ದನಿ ತಗ್ಗಿಸಿದ. ಆದರೂ ಅದು ಮಾಮಾನ ದನಿ; ಹಿಂದಿನವರಿಗೂ ಕೇಳಿಸಿತು.

"ಅಂವಾ ಒಮ್ಮಿ ಕುಡದಾನ್ರಿ, ಜಗತ್ತಿನ ಸಲುವಾಗಿ. ನಿಮ್ಮ ಮಗನ ಮದಿವಿ ಸಲುವಾಗಿ ಇನ್ನೊಮ್ಮಿ ಕುಡಸ್ತೀರೇನು?"

ಬೀಗರ ಕೈ ತಾನಾಗಿ ಮೇಲೆ ಬಂದು ಬೆಳ್ಳಿಯ ಕರಡಿಗೆಯನ್ನು ಮುಚ್ಚಿತು. ಅವರ ಹಿಂದೆ ನಿಂತಿದ್ದ ಹಿರಿಯರ ಕೈಗಳೂ ಒಂದೊಂದಾಗಿ ಎದೆಗೆ ಹೋದವು. ಇಷ್ಟು ಜನರ ಕಣ್ಣು ಮೂಗಿನ ಚಿಂತೆ ಹೇಳಿದಾಗ ಕಿವಿಗೆ ಹಾಕಿಕೊಳ್ಳದವರು ಶಿವನ ವಿಷಯ ಬಂದ ಕೂಡಲೇ ಮೆತ್ತಗಾದರು. ಯಾರೋ ನಕ್ಕರು. ಸೋತೆನೆಂದು ಬೀಗರ ಮುಖ ಕೆಂಪಗಾಗುವುದರೊಳಗೆ ಮಾಮಾ ನನ್ನ ಕೈಯಿಂದ ಸೀಟಿಯ ಗೊಂಚಲು ಕಿತ್ತುಕೊಂಡು ಅವರ ಕೈಯಲ್ಲಿಟ್ಟ. ಗುಲಾಬದಾನಿಯಿಂದ ಕೈಯಲ್ಲೇ ಚಿಮುಕಿಸೋಣ, ಆದರೆ ಗದ್ದಲವಾಗಬಾರದು, ಒಂದೊಂದು ಸಾಲು ಒಳಗೆ ಬಿಡಬೇಕು, ಇದಕ್ಕೆ ತಿಳಿದ ಕಂಡಕ್ಟರ್ ಬೇಕು, ಡಬಲ್ ಬೆಲ್ ನೀವೇ ಕೊಡಬೇಕು ಎಂದ. ಗಂಡಿನ ತಂದೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಬೀಗರು ಎದೆಯುಬ್ಬಿಸಿ ಸೀಟಿ ಊದಿದರು. ಎರಡು ಊದಿದರೆ ಸಾಲು ಹೊರಡುವುದು, ಒಂದು ಊದಿದರೆ ನಿಲ್ಲುವುದು. ಮದುಮಗನನ್ನೂ ಡಬಲ್ ಬೆಲ್ ಕೊಟ್ಟೇ ಕುದುರೆಯಿಂದ ಇಳಿಸಿದರು. ಅಕ್ಷತೆ ಮುಹೂರ್ತಕ್ಕೆ ಸರಿಯಾಗಿ ಬಿತ್ತು. ಮಾಮಾ ಮಾತ್ರ ಪಂಪು ಮುಟ್ಟಿದ ಸೂತಕವೆಂದು ಸ್ನಾನಕ್ಕೆ ಹೋಗಿದ್ದರಿಂದ ಅಕ್ಷತೆ ಹಾಕಲು ಸಿಗಲಿಲ್ಲ. ಪಂಪಿನಲ್ಲಿ ಅವತ್ತು ಪೆಟ್ರೋಲೂ ಇರಲಿಲ್ಲ, ನೀರೂ ಇರಲಿಲ್ಲ ಎಂದು ಊಟಕ್ಕೆ ಕೂತಾಗ ಹೇಳಿದ. ಆ ಮನುಷ್ಯನ ಕಾಲು ಹಿಡಿಯಬೇಕು ಎನ್ನಿಸಿತು ನನಗೆ. ಹಿಡಿಯಲು ಹೋದರೆ ಬೈದ.

ಆಮೇಲೆ ಮೊಣಕಾಲು ನೋವು ಹೆಚ್ಚಾಗಿ ಮಾಮಾ ಕೆಲಸ ಬಿಟ್ಟು ತನ್ನೂರು ಯೆಣೆಗೂರಿಗೆ ಹೋದ. ಬೀಗರು ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಡ್ರೈವರ್ ಹ್ಯಾಂಗದಾರ ಎಂದು. ಸೊಸೆಯ ತಂದೆಯ ಆರೋಗ್ಯ ಆಮೇಲೆ. ನನಗೆ ಸ್ವಲ್ಪ ಹೊಟ್ಟೆಯುರಿಯುತ್ತಿತ್ತು.

ಮಾಮಾ ಹೋದ ಸುದ್ದಿ ತಿಳಿದು ಬೀಗರೂ ಉದಗೀರದಿಂದ ನೇರವಾಗಿ ಯೆಣೆಗೂರಿಗೆ ಬಂದರು. ಮಾಮಾನ ಹೊಲದ ಬದುವಿನ ಹತ್ತಿರ ಸಮಾಧಿ ತೋಡಿದ್ದರು. ನಮ್ಮ ಪದ್ಧತಿಯಂತೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಆ ದಪ್ಪ ಮೀಸೆಯೊಂದಿಗೆ ನೆಟ್ಟಗೆ ಕೂತಿದ್ದ. ಸ್ವಾಮಿಗಳು ಮಂತ್ರ ಹೇಳಿ ಒಂದು ಹಿಡಿ ವಿಭೂತಿ ಹಾಕಿದರು. ಅದು ಕೆಳಗೆ ಬೀಳಲಿಲ್ಲ. ಗಾಳಿಗೆ ಎದ್ದು ನಮ್ಮೆಲ್ಲರ ಮುಖಕ್ಕೆ ಬಂತು. ಲಾನಿನಿಂದ ಬಂದ ನಾವೆಲ್ಲ, ಅಡುಗೆಯವರು, ಡೆಕೋರೇಶನ್ನಿನವರು, ಯಾರೂ ಹೇಳದೆಯೇ, ಗಾಳಿ ಬಂದ ಕಡೆಗೆ ತಿರುಗಿ ನೋಡಿದೆವು. ಪಕ್ಕದ ಹೊಲದ ಸೋಯಾಬೀನಿನಲ್ಲಿ ಒಬ್ಬ ಪೆಟ್ರೋಲ್ ಪಂಪು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುತ್ತ ಈ ಕಡೆಗೇ ಬರುತ್ತಿದ್ದ. ಇಂಜಿನ್ನಿನ ಸದ್ದಿಗೆ ನಾವು ಕೂಗಿದ್ದು ಅವನಿಗೆ ಕೇಳಲಿಲ್ಲ. ನನ್ನ ಕೈ ಜೇಬಿಗೆ ಹೋಯಿತು. ಕೀಲಿಗೊಂಚಲಿನಲ್ಲಿ ಸೀಟಿ ಇತ್ತು. ಒಮ್ಮೆ ಉದ್ದಕ್ಕೆ ಊದಿದೆ. ಅವನು ಬೆಚ್ಚಿ ತಿರುಗಿ, ಜನರನ್ನು ಕಂಡು ಇಂಜಿನ್ ಬಂದ್ ಮಾಡಿ, ಅಲ್ಲೇ ಕೈ ಮುಗಿದು ನಿಂತ.

ಇಡೀ ಹೊಲ ಶಾಂತವಾಯಿತು. ಸ್ವಾಮಿಗಳು ಮಣ್ಣು ಹಾಕಿರಿ ಎಂದರು. ಯಾರೂ ಬಗ್ಗಲಿಲ್ಲ. ನಾನೂ ಬಗ್ಗಲಿಲ್ಲ; ಅವನ ಮುಖದ ಮೇಲೆ ಮಣ್ಣು ಹಾಕಲು ನನಗೆ ಮನಸ್ಸಾಗಲಿಲ್ಲ. ಬೀಗರು ಒಂದು ಕೈಯಿಂದ ಎದೆಯ ಕರಡಿಗೆ ಮುಚ್ಚಿಕೊಂಡು ನನ್ನ ಪಕ್ಕ ಬಂದು ನಿಂತರು.

"ಕೊಡ್ರಿ" ಎಂದರು. "ಡ್ರೈವರ್ ಕುಂತಾನ. ನೀವು ಡಬಲ್ ಬೆಲ್ ಕೊಡದಾ ಹೋಗಾಂವ ಅಲ್ಲ ಅಂವಾ."

ಸೀಟಿ ಬಾಯಿಗಿಟ್ಟೆ. ಮೊದಲ ಸಲ ಬರೀ ಉಸಿರು ಬಂತು. ಕಣ್ಣೊರೆಸಿಕೊಂಡು, ಮಾಮಾನ ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ, ಎರಡು ಸಲ ಊದಿದೆ.